ಒಳಮೈಯ ಒರಟು: ತಿಪಟೂರಿನ ಅಟ್ಟದ ಕೆಳಗಿನ ಡಾಲ್ಫಿನ್

ಕಾರು ಸಿಕ್ಕಿದ್ದು ಕೊಬ್ಬರಿ ಅಟ್ಟದ ಕೆಳಗೆ. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಕಾಯಿ ಗಲಗಲ ಎನ್ನುವವರೆಗೆ ವರ್ಷದ ಹತ್ತಿರ ಕಾಯುತ್ತಾರೆ. ದೊಡ್ಡಪ್ಪನ ತೋಟದ ಮನೆಯ ಅಂಥ ಅಟ್ಟದ ಕೆಳಗೆ 1984ರ ಸಿಪಾನಿ ಡಾಲ್ಫಿನ್ ಹದಿನೇಳು ವರ್ಷ ಕಾದಿತ್ತು. ಮೇಲೆ ಬೆರಳು ದಪ್ಪ ನಾರಿನ ಧೂಳು, ಹಿಂದಿನ ಸೀಟಿನೊಳಗೆ ಇಲಿಗಳ ತುಂಬು ಸಂಸಾರ. 2022ರ ಮಾರ್ಚಿನಲ್ಲಿ ಅಟ್ಟವನ್ನು ಕೆಡವಿ ಹೊಸದಾಗಿ ಕಟ್ಟಬೇಕಾಗಿ ಬಂದಾಗ ದೊಡ್ಡಪ್ಪ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಗುಜರಿಯವನು ಬಂದಿದ್ದ. ಕಬ್ಬಿಣವೇ ಇಲ್ಲವಲ್ಲ ಯಜಮಾನರೇ, ಇದನ್ನು ಏನೆಂದು ತೂಗಲಿ ಅಂದು ಹೊರಟುಹೋದ. ನೀನಾದರೂ ತೆಗೆದುಕೊಂಡು ಹೋಗು."

ಗುಜರಿಯವನ ಮಾತಿನಲ್ಲೇ ಈ ಪ್ರಕರಣದ ತಿರುಳಿದೆ. ಡಾಲ್ಫಿನ್ನಿನ ಮೈ ಫೈಬರ್ ಗ್ಲಾಸಿನದು. ತಗಡಿನ ಕಾರನ್ನು ರಿಪೇರಿ ಮಾಡಿ ಪಳಗಿದ ಕೈಗಳಿಗೆ ಅದನ್ನು ಕೊಟ್ಟರೆ ಏನಾಗುತ್ತದೆ, ಫೈಬರ್ ಬಲ್ಲ ಕೈಗಳನ್ನು ಎಲ್ಲಿ ಹುಡುಕಬೇಕು, ಪ್ರದರ್ಶನಕ್ಕೆ ನಿಲ್ಲಿಸುವಾಗ ಯಾವುದನ್ನು ಕಾರಿನ ಅಸಲು ರೂಪ ಎನ್ನಬೇಕು ಎಂಬ ಮೂರು ಪ್ರಶ್ನೆಗಳ ಸುತ್ತ ಎರಡು ವರ್ಷ ಕಳೆಯಿತು. ಮೂರರಲ್ಲೂ ನಾನು ಒಂದೊಂದು ಸಲ ಎಡವಿದೆ.

ಬೆಕ್ಕಿನ ಮರಿ ಡಾಲ್ಫಿನ್ ಆದದ್ದು

ಕಾರಿನ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಫೈಬರ್ ಕಾರು ಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆಯೇ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯಿತು. 1982ರ ಹೊತ್ತಿಗೆ ಡಾಲ್ಫಿನ್ ತಂದಿತು. ಡಾಲ್ಫಿನ್ನಿನ ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ 1975ರಿಂದ ತಯಾರಿಸಿದ ಕಿಟನ್. ಅಲ್ಲಿನ ಬೆಕ್ಕಿನ ಮರಿ ಇಲ್ಲಿ ಡಾಲ್ಫಿನ್ ಆಯಿತು. ಬೆಂಗಳೂರಿಗೆ ಸಮುದ್ರವಿಲ್ಲ ಎಂಬುದು ಹೆಸರಿಟ್ಟವರಿಗೆ ಅಡ್ಡಿಯಾಗಲಿಲ್ಲ. ಉಕ್ಕಿನ ಚಾಸಿಸ್, ಅದರ ಮೇಲೆ ಫೈಬರ್ ಮೈ, ಮುಂದೆ 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಎಳೆಯುವುದು ಹಿಂದಿನ ಗಾಲಿ. ಹಗುರವಾದ್ದರಿಂದ ಚುರುಕು, ರೇಸು, ರ‍್ಯಾಲಿಗಳಲ್ಲಿ ಒಳ್ಳೆಯ ಹೆಸರು ಮಾಡಿತು. ಆದರೆ ಬಾಗಿಲು ಎರಡೇ. ಹಿಂದೆ ಕೂರಬೇಕಾದ ಅಜ್ಜಿಯನ್ನು ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ ಹತ್ತಿಸಬೇಕಾದ ಕಾರನ್ನು ನಮ್ಮ ಕುಟುಂಬಗಳು ಒಪ್ಪುವುದು ಕಷ್ಟ. 1983ರ ಡಿಸೆಂಬರ್‌ನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ರಸ್ತೆಗಿಳಿದ ಮೇಲಿನ ಕಥೆ ಎಲ್ಲರಿಗೂ ಗೊತ್ತು.

ದೊಡ್ಡಪ್ಪ ಮಾರುತಿಗೆ ಕಾಯದೆ ಇದನ್ನು ಕೊಂಡವರು. ಕಾರಣ ಕೇಳಿದರೆ, "ತುಕ್ಕು ಹಿಡಿಯುವುದಿಲ್ಲ ಅಂದರು" ಎನ್ನುತ್ತಾರೆ. ಅದು ಅರ್ಧ ಸತ್ಯ. ಮೈಗೆ ತುಕ್ಕಿಲ್ಲ, ಮೈ ಹೊತ್ತ ಚಾಸಿಸ್‌ಗೆ ಇದೆ. ಮೇಲಿನ ಮೈ ಚೆನ್ನಾಗಿ ಕಾಣುತ್ತಿರುವುದರಿಂದ ಕೆಳಗಿನ ತುಕ್ಕನ್ನು ಯಾರೂ ಬಗ್ಗಿ ನೋಡುವುದಿಲ್ಲ ಎಂಬುದು ಇಂಥ ಕಾರುಗಳ ಕುತ್ತು. ನಮ್ಮದರಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಜಾಗದಲ್ಲಿ ಎರಡೂ ಬದಿಗೆ ಹೆಬ್ಬೆರಳು ತೂರುವಷ್ಟು ತೂತು ಬಿದ್ದಿತ್ತು. ಅಷ್ಟನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯುವ ಕೆಲಸ ಹತ್ತು ದಿನದಲ್ಲಿ ಮುಗಿಯಿತು. ಬೆಂಗಳೂರಿನಲ್ಲಿ ಆ ಕೆಲಸ ಬಲ್ಲವರು ಗಲ್ಲಿಗೊಬ್ಬರು ಸಿಗುತ್ತಾರೆ.

ಎಂಜಿನ್ ಕಥೆ ಸ್ವಲ್ಪ ಉದ್ದ. ಎಂಜಿನ್ ಹಿಡಿದುಕೊಂಡಿತ್ತು, ತಿರುಗುತ್ತಿರಲಿಲ್ಲ. ಶಿವಾಜಿನಗರದ ಹಿರಿಯ ಮೆಕ್ಯಾನಿಕ್ ಒಬ್ಬರು, ನಾವೆಲ್ಲ ಭಾಯ್ ಎಂದೇ ಕರೆಯುವವರು, ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ಹೊರತೆಗೆದರು. ಬೆರಳಿಗೆ ಬಿಳಿಯ ಹಿಟ್ಟು ಮೆತ್ತಿತ್ತು. "ಬೋರ್‌ವೆಲ್ ನೀರು ಕುಡಿಸಿದ್ದೀರಿ" ಎಂದರು. ಗಡಸು ನೀರು, ಕೂಲಂಟ್ ಇಲ್ಲ, ಅಲ್ಯೂಮಿನಿಯಂ ಬ್ಲಾಕ್: ಮೂರೂ ಸೇರಿದರೆ ಲೋಹ ಒಳಗಿನಿಂದಲೇ ತಿಂದುಹೋಗುತ್ತದೆ. ಬ್ಲಾಕನ್ನು ಮೇಲಿನಿಂದ ಮುಚ್ಚುವ ಹೆಡ್ ಕೂಡ ಅಲ್ಯೂಮಿನಿಯಂ; ಅದರ ಮೂಲಕ ಹಾದ ಉಕ್ಕಿನ ಸ್ಟಡ್‌ಗಳ ಸುತ್ತ ಆ ಹಿಟ್ಟೇ ಗಾರೆಯಾಗಿ ಕುಳಿತಿತ್ತು. ಸುತ್ತಿಗೆ ಮುಟ್ಟಕೂಡದು ಎಂದು ಭಾಯ್ ಪಟ್ಟು ಹಿಡಿದರು. ದಿನಕ್ಕೆ ಎರಡು ಸಲ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ವಲ್ಪ ಕಾಯಿಸಿ, ತಣಿಸಿ, ಮತ್ತೆ ಎಣ್ಣೆ. ಹೆಡ್ ಮೇಲೆದ್ದದ್ದು ಹತ್ತೊಂಬತ್ತನೆಯ ದಿನ.

ಈ ಎಂಜಿನ್‌ನ ಇನ್ನೊಂದು ಗುಣ ಭಾಯ್‌ಗೂ ಹೊಸತಾಗಿತ್ತು. ಸಿಲಿಂಡರಿನ ಲೈನರ್‌ಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು, ಬ್ಲಾಕ್‌ಗೆ ಅಂಟಿಕೊಂಡಿಲ್ಲ. ಸುತ್ತ ನೀರು ಹರಿಯುವಂತೆ ಬಿಡಿಯಾಗಿ ನಿಂತಿವೆ. ಬುಡದಲ್ಲಿ ಒಂದು ಗ್ಯಾಸ್ಕೆಟ್, ಮೇಲೆ ಹೆಡ್ಡಿನ ಒತ್ತಡ, ಅಷ್ಟೇ ಆಧಾರ. ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಅದುಮಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ ಅವನ್ನೂ ಮೇಲೆತ್ತುತ್ತದೆ, ಬುಡದ ಗ್ಯಾಸ್ಕೆಟ್ ಕೆಡುತ್ತದೆ, ನೀರು ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಮತ್ತೆ ಕೂರಿಸುವಾಗ ಪ್ರತಿ ಲೈನರ್‌ನ ತುದಿ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು, ನಾಲ್ಕೂ ಸಮವಾಗಿರಬೇಕು. ಸಮ ತಪ್ಪಿದರೆ ಹೆಡ್ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ. ಈ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ನಿಲ್ಲುವುದೇ ಇಲ್ಲ ಎಂದು ಗೊಣಗುವವರಲ್ಲಿ ಬಹಳ ಮಂದಿ ಇದನ್ನು ಅಳೆಯದೆ ಕಟ್ಟಿದವರೇ ಇರಬೇಕು ಎಂಬುದು ನನ್ನ ಗುಮಾನಿ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ಬರಿಗೈಯಲ್ಲಿ ಬಂದೆ. ಆದರೆ ರಿಲಯಂಟ್ ತನ್ನ ಮೂರು ಗಾಲಿಯ ರಾಬಿನ್ ಕಾರಿಗೂ ಇದೇ ಎಂಜಿನ್ ಹಾಕುತ್ತಿತ್ತು. ಬ್ರಿಟನ್ನಿನ 750 ಫಾರ್ಮುಲಾ ಎಂಬ ಅಗ್ಗದ ರೇಸಿನವರೂ ಬಹುಕಾಲ ಇದನ್ನೇ ಬಳಸಿದರು. ಹೀಗಾಗಿ ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್ ಎಲ್ಲವೂ ಅಲ್ಲಿ ಇನ್ನೂ ದೊರೆಯುತ್ತವೆ. ಬೆಂಗಳೂರಿನಲ್ಲೇ ಮಾಡಿದ ಕಾರಿಗೆ ಗ್ಯಾಸ್ಕೆಟ್ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂತು.

ತಗಡಿನ ಕೈ, ಫೈಬರಿನ ಮೈ

ಕಾರಿನ ವೈರಿಂಗನ್ನು ಇಲಿ ತಿಂದಿತ್ತು. ಆದರೆ ಇಲಿಗಿಂತ ಮೊದಲೇ ಅದನ್ನು ಒಬ್ಬ ಎಲೆಕ್ಟ್ರಿಷಿಯನ್ ಕೆಡಿಸಿದ್ದ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಕಣ್ಣು ಮಿಟುಕಿಸುತ್ತಿತ್ತು ಎಂದು ದೊಡ್ಡಪ್ಪನೇ ಹೇಳುತ್ತಿದ್ದರು. ಹಳ್ಳಿಯಲ್ಲಿ ಅದಕ್ಕೆ 'ದೆವ್ವದ ಕಾರು' ಎಂಬ ಹೆಸರೇ ಬಿದ್ದಿತ್ತಂತೆ. ದೆವ್ವದ ಮೂಲ ಸರಳ. ತಗಡಿನ ಕಾರಿನಲ್ಲಿ ದೀಪಕ್ಕೆ ಒಂದೇ ವೈರು ಸಾಕು. ಕರೆಂಟು ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಫೈಬರ್ ಮೈಯಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಪ್ರತಿ ದೀಪಕ್ಕೂ ಚಾಸಿಸ್‌ವರೆಗೆ ಬೇರೆ ಅರ್ತ್ ವೈರು ಬೇಕು. ಆ ಪುಣ್ಯಾತ್ಮ ಹಿಂದಿನ ದೀಪಗಳ ಅರ್ತನ್ನು ಅಭ್ಯಾಸಬಲದಿಂದ ಮೈಗೇ ಸ್ಕ್ರೂ ಹೊಡೆದು ಕೂರಿಸಿದ್ದ. ಮರಳುವ ದಾರಿ ಕಾಣದ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ಚಾಸಿಸ್ ಸೇರುತ್ತಿತ್ತು. ಪೂರ್ತಿ ಹೊಸ ವೈರಿಂಗ್ ಎಳೆಸಿದೆ, ಎಲ್ಲ ಅರ್ತ್ ವೈರುಗಳನ್ನೂ ಕಪ್ಪು ಬಣ್ಣದಲ್ಲಿ ತಂದು ಚಾಸಿಸ್ಸಿನ ಮೂರು ಬಿಂದುಗಳಲ್ಲಿ ಬಿಗಿಸಿದೆ.

ಬೇರೆಯವರ ತಪ್ಪು ಹೇಳಿದ್ದಾಯಿತು. ಇನ್ನು ನನ್ನವು.

ಮೊದಲನೆಯದು ಬಣ್ಣ ತೆಗೆಯಲು ರಿಮೂವರ್ ಹಚ್ಚಿಸಿದ್ದು. ಪೇಂಟರ್ ಕೇಳಿದ, ನಾನು ತಲೆಯಾಡಿಸಿದೆ. ಬಾನೆಟ್ಟಿನ ಒಂದು ಮೂಲೆಯಲ್ಲಿ ಬಣ್ಣದ ಜೊತೆ ಅದರ ಕೆಳಗಿನ ಜೆಲ್ ಕೋಟ್ ಪದರವೂ ನೆನೆದ ರೊಟ್ಟಿಯಂತೆ ಮೆತ್ತಗಾಗಿ ಎದ್ದುಬಂತು. ಆ ರಾಸಾಯನಿಕಕ್ಕೆ ಬಣ್ಣ ಯಾವುದು, ಫೈಬರಿನ ಎಳೆಗಳನ್ನು ಹಿಡಿದಿಡುವ ಅಂಟಾದ ರೆಸಿನ್ ಯಾವುದು ಎಂಬ ಭೇದವಿಲ್ಲ. ಉಳಿದ ಮೈಯನ್ನೆಲ್ಲ ಕೈಯಲ್ಲೇ ಉಜ್ಜುಕಾಗದ ಹಿಡಿದು ಉಜ್ಜಿದೆವು, ಮೂರು ವಾರ.

ಎರಡನೆಯದು ಹೆಚ್ಚು ದುಬಾರಿ. 2022ರ ಜೂನ್‌ನಲ್ಲಿ ಮೈಯನ್ನು ಚಾಸಿಸ್‌ನಿಂದ ಬಿಚ್ಚಿದೆವು. ಬಾಗಿಲು, ಗಾಜು, ಸೀಟು ಇಲ್ಲದ ಆ ಚಿಪ್ಪನ್ನು ಕೆಲವೇ ಮಂದಿ ಸೇರಿ ಸಲೀಸಾಗಿ ಎತ್ತಿದಾಗ ಎಲ್ಲರಿಗೂ ನಗು. ಎರಡು ಬೆಂಚುಗಳ ಮೇಲೆ, ಮುಂದೊಂದು ಹಿಂದೊಂದು ಆನಿಸಿ, ಷೆಡ್ಡಿನಲ್ಲಿ ಬಿಟ್ಟೆವು. ಆರು ತಿಂಗಳ ಬಳಿಕ ಬಾಗಿಲು ಕೂರಿಸಿ ನೋಡಿದರೆ, ಸಂದು ಮೇಲೆ ಮೂರು ಮಿಲಿಮೀಟರ್, ಕೆಳಗೆ ಹನ್ನೊಂದು. ನಡುವೆ ಆಧಾರವಿಲ್ಲದೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಗ್ಗಿತ್ತು. ತಗಡಾಗಿದ್ದರೆ ಹೀಗಾಗುತ್ತಿರಲಿಲ್ಲ, ಫೈಬರ್ ಹೊರೆಯಡಿ ದಿನಗಟ್ಟಲೆ ಇದ್ದರೆ ಇಷ್ಟಿಷ್ಟೇ ಬಾಗುತ್ತದೆ, ಹೊರೆ ಇಳಿಸಿದರೂ ಪೂರ್ತಿ ಹಿಂದಿರುಗುವುದಿಲ್ಲ.

ಬೆಂಗಳೂರಿನ ಇಬ್ಬರು ಟಿಂಕರ್‌ಗಳು ಬಾಗಿಲಿನ ಅಂಚಿಗೇ ಪುಟ್ಟಿ ತುಂಬಿ ಸಂದು ಸರಿಮಾಡಿಕೊಡುತ್ತೇವೆ ಎಂದರು. ಮೂರನೆಯವರು ಮಾತ್ರ ಪ್ರಾಮಾಣಿಕವಾಗಿ, "ಸಾರ್, ಇದು ಕಾರಿನವರ ಕೆಲಸ ಅಲ್ಲ, ದೋಣಿಯವರ ಕೆಲಸ" ಎಂದರು. ನಾವು ಮಲ್ಪೆಗೆ ಹೋದದ್ದು ಹಾಗೆ.

ಮಲ್ಪೆಯ ಪಾಠ

ಮೀನುಗಾರಿಕೆಯ ದೋಣಿಗಳನ್ನು ಫೈಬರಿನಲ್ಲಿ ಕಟ್ಟುವ, ಒಡೆದುದನ್ನು ಕೂಡಿಸುವ ಕುಶಲಿಗರು ಕರಾವಳಿಯಲ್ಲಿದ್ದಾರೆ. ನನಗೆ ಸಿಕ್ಕವರು ಐವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಅಂಗಳದಲ್ಲಿ ನಿಂತ ದೋಣಿ ತೋರಿಸಿ ಕೇಳಿದರು, "ಇದನ್ನು ಎಷ್ಟು ಕಡೆ ಆನಿಸಿದ್ದೇವೆ ಎಣಿಸಿ." ಹನ್ನೆರಡು ಕಡೆ. ಬೇರೆ ವಿವರಣೆ ಬೇಕಾಗಲಿಲ್ಲ. ಮಳೆಗಾಲದಲ್ಲಿ ಮಾತ್ರ ತರಬೇಡಿ ಎಂದರು: ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೆಲ್ಲ ದಡದಲ್ಲಿ, ಅವರಿಗೆ ಪುರುಸೊತ್ತಿಲ್ಲ, ಮೇಲಾಗಿ ತೇವ ತುಂಬಿದ ಗಾಳಿಯಲ್ಲಿ ಹಾಕಿದ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.

ಡಿಸೆಂಬರ್‌ನಲ್ಲಿ, ಬೆಂಗಳೂರಿಗೆ ಮೀನು ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ ಡಾಲ್ಫಿನ್ನಿನ ಚಿಪ್ಪು ಘಟ್ಟ ಇಳಿಯಿತು. ಕಡೆಗೂ ಹೆಸರಿಗೆ ತಕ್ಕ ಊರು ಸೇರಿತು ಎಂದು ಲಾರಿಯ ಡ್ರೈವರ್ ನಕ್ಕ. ಮೀನಿನ ವಾಸನೆ ಹೋಗಲು ಎರಡು ತಿಂಗಳು ಬೇಕಾಯಿತು.

ಅವರ ಮೊದಲ ಕೆಲಸ ರೆಸಿನ್ನಿನದಲ್ಲ, ಮರದ್ದು. ಚಾಸಿಸ್‌ನಲ್ಲಿ ಮೈ ಬಿಗಿಯುವ ಬೋಲ್ಟ್ ತೂತುಗಳ ಅಳತೆಯನ್ನು ನನ್ನಿಂದ ತರಿಸಿಕೊಂಡು ಅದೇ ಎತ್ತರ, ಅದೇ ಅಂತರದ ಮರದ ಚೌಕಟ್ಟು ಕಟ್ಟಿದರು. ಚಿಪ್ಪನ್ನು ಅದರ ಮೇಲೆ ಬಿಗಿದು, ಜಗ್ಗಿದ ಜಾಗಕ್ಕೆ ಕೆಳಗಿನಿಂದ ಜಾಕ್ ಕೊಟ್ಟು, ದಿನಕ್ಕೆ ಕಾಲು ಸುತ್ತಿನಂತೆ ಎತ್ತಿದರು. ಮಧ್ಯಾಹ್ನದ ಬಿಸಿಲು ಬೀಳುವ ಹಾಗೆ ಹೊರಗೇ ಇಟ್ಟಿದ್ದರು. ಐದು ವಾರದಲ್ಲಿ ಹನ್ನೊಂದು ಮಿಲಿಮೀಟರ್ ಆರಕ್ಕೆ ಬಂತು. "ಇನ್ನು ಬರುವುದಿಲ್ಲ, ಎಳೆದರೆ ಬಿರಿಯುತ್ತದೆ" ಎಂದು ನಿಲ್ಲಿಸಿದರು.

ಆಮೇಲೆ ಬಿರುಕುಗಳು. ಹಳೆಯ ಫೈಬರಿನ ಮೇಲೆ ಜೇಡರ ಬಲೆಯಂತೆ ಹರಡುವ ಸಣ್ಣ ಬಿರುಕುಗಳನ್ನು ಮೇಲಿನಿಂದ ಪುಟ್ಟಿ ಸವರಿ ಮುಚ್ಚಿದರೆ ಬಿಸಿಲು ನೆರಳಿಗೆ ಮತ್ತೆ ಬಾಯಿ ಬಿಡುತ್ತವೆ. ಪ್ರತಿ ಬಿರುಕನ್ನೂ ಅದರ ಬುಡದವರೆಗೆ ಕೊರೆದು ಅಗಲಿಸಿ ತುಂಬಬೇಕು. ಪೂರ್ತಿ ಒಡೆದ ಕಡೆ ಅಂಚನ್ನು ಇಳಿಜಾರಾಗಿ ಸವೆಸಬೇಕು, ಒಂದು ಮಿಲಿಮೀಟರ್ ದಪ್ಪಕ್ಕೆ ಹನ್ನೆರಡು ಮಿಲಿಮೀಟರ್ ಇಳಿಜಾರು. ಹೊಸ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಸು, ಆ ಇಳಿಜಾರಿನ ಮೇಲೆ ಪದರ ಪದರವಾಗಿ ಕೂತರೆ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ. ರೆಸಿನ್ ಕಲಸುವಾಗ ಅವರು ನನ್ನನ್ನು ದೂರ ನಿಲ್ಲಿಸಿದರು. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕದಡಿ, ಅನಂತರವೇ ಅದನ್ನು ಗಟ್ಟಿಗೊಳಿಸುವ ಹಾರ್ಡ್ನರ್. ಕೋಬಾಲ್ಟ್ ಮತ್ತು ಹಾರ್ಡ್ನರ್ ನೇರವಾಗಿ ಒಂದನ್ನೊಂದು ಮುಟ್ಟಿದರೆ ಹೊತ್ತಿಕೊಳ್ಳುತ್ತವೆ, ಸಿಡಿಯಲೂಬಹುದು. ಎರಡರ ಡಬ್ಬಿಗಳನ್ನು ಅವರು ಅಂಗಳದ ಎರಡು ತುದಿಗೆ ಇಟ್ಟಿದ್ದರು. ಮನೆಯಲ್ಲೇ ಮಾಡಿ ನೋಡುವ ಉತ್ಸಾಹಿಗಳು ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು.

ಏಪ್ರಿಲ್‌ಗೆ ಚಿಪ್ಪು ಸಿದ್ಧವಾಯಿತು. ಬಣ್ಣಕ್ಕೆ ಅವಸರ ಮಾಡಬೇಡಿ ಎಂದು ಕಳಿಸಿಕೊಟ್ಟರು. ರೆಸಿನ್ ಗಟ್ಟಿಯಾದಂತೆ ಕಂಡರೂ ಒಳಗೆ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಬೇಗ ಬಣ್ಣ ಹೊಡೆದರೆ ಒಳಗಿನ ಮ್ಯಾಟಿನ ಎಳೆಗಳ ಗುರುತು ಹೊಳಪಿನ ಮೇಲೆ ಮೂಡಿಬಿಡುತ್ತದೆ. ಆಗಸ್ಟ್‌ವರೆಗೆ ಕಾದೆ. ಬಣ್ಣ ಯಾವುದು ಎಂಬ ಬಗ್ಗೆ ದೊಡ್ಡಪ್ಪ ಬಿಳಿ ಎನ್ನುತ್ತಿದ್ದರು, ದೊಡ್ಡಮ್ಮ ಹಳದಿ ಎನ್ನುತ್ತಿದ್ದರು. ಹಿಂದಿನ ಗಾಜಿನ ರಬ್ಬರ್ ಪಟ್ಟಿಯ ಅಡಿ, ಬಿಸಿಲು ಕಾಣದೆ ಉಳಿದ ಬೆರಳಗಲದ ಜಾಗದಲ್ಲಿ ಉತ್ತರವಿತ್ತು: ಬೆಣ್ಣೆಯ ಬಣ್ಣ. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು.

ಒಟ್ಟು ಖರ್ಚು 3,93,000 ರೂಪಾಯಿ. ಅದರಲ್ಲಿ ಎಂಜಿನ್ 1,05,000, ಫೈಬರ್ 88,000, ಬಣ್ಣ 64,000, ಬ್ರೇಕು ಮತ್ತು ಟೈರು 47,000, ಚಾಸಿಸ್ 42,000, ಸಾಗಣೆ 26,000, ವೈರಿಂಗ್ 21,000. ಬೆಂಚುಗಳ ಮೇಲೆ ಬಿಡದೆ ಇದ್ದಿದ್ದರೆ ಫೈಬರಿನ ಲೆಕ್ಕ ಅರ್ಧಕ್ಕೆ ನಿಲ್ಲುತ್ತಿತ್ತು. ಮಾರಿದರೆ ಇಷ್ಟು ಹಣ ಮರಳುವ ಮಾತೇ ಇಲ್ಲ. ಹಾಗೆಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿಲ್ಲ.

ಕಾಗದಪತ್ರದ ವಿಷಯದಲ್ಲಿ ಒಂದು ಭ್ರಮೆ ನನಗೂ ಇತ್ತು. ಹಳೆಯ ಕಾರೆಲ್ಲ ವಿಂಟೇಜ್ ಅಲ್ಲ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ 'ವಿಎ' ಅಕ್ಷರಗಳ ವಿಂಟೇಜ್ ಸಂಖ್ಯೆ, 20,000 ರೂಪಾಯಿ ಶುಲ್ಕ. ನಮ್ಮದು ಅಲ್ಲಿಗೆ ತಲಪುವುದು 2034ಕ್ಕೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಸಂಸ್ಥೆ ಫೀವಾ ಮೂವತ್ತು ವರ್ಷ ದಾಟಿದ್ದನ್ನು ಐತಿಹಾಸಿಕ ಎನ್ನುತ್ತದೆ, ಆದರೆ ಆ ಮಾತು ಆರ್‌ಟಿಒ ಕಿಟಕಿಯಲ್ಲಿ ನಡೆಯುವುದಿಲ್ಲ. ಹದಿನೈದು ವರ್ಷ ದಾಟಿದ ಬೇರೆಲ್ಲ ಕಾರುಗಳಂತೆ ಇದಕ್ಕೂ ತಪಾಸಣೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ.

ಪ್ರದರ್ಶನದ ದಿನ

2024ರ ಫೆಬ್ರುವರಿಯ ಒಂದು ಭಾನುವಾರ ಬೆಂಗಳೂರಿನ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಒಯ್ದೆ. ಪಕ್ಕದಲ್ಲಿ ಇಬ್ಬರು ಮಲಗುವಷ್ಟು ಉದ್ದ ಬಾನೆಟ್ಟಿನ ಅಮೆರಿಕದ ಕಾರು. ಆದರೂ ಜನ ನಿಂತದ್ದು ನಮ್ಮದರ ಮುಂದೆ. ಬಂದವರಲ್ಲಿ ಅರ್ಧದಷ್ಟು ಮಂದಿ ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಸದ್ದು ಕೇಳಿ, "ಹೌದು, ಫೈಬರೇ" ಎಂದು ತಮ್ಮತಮ್ಮಲ್ಲೇ ತೀರ್ಮಾನಿಸಿದರು. ಹೊಸ ಬಣ್ಣವನ್ನು ಬಡಿಯಬೇಡಿ ಎಂದು ಹೇಳಿ ಹೇಳಿ ಹನ್ನೊಂದು ಗಂಟೆಗೆ ಬಿಟ್ಟುಬಿಟ್ಟೆ.

ತೀರ್ಪುಗಾರರು ಬಂದದ್ದು ಮಧ್ಯಾಹ್ನ. ಹೆಚ್ಚುವರಿ ಅರ್ತ್ ವೈರುಗಳನ್ನು ತೋರಿಸಿ ಯಾಕೆಂದರು. ಕಾರಣ ಹೇಳಿದೆ, ಒಪ್ಪಿದರು. ಬಾಗಿಲ ಸಂದಿನಲ್ಲಿ ಉಳಿದ ಕೊಂಚ ವ್ಯತ್ಯಾಸವನ್ನು ನೋಡಿಯೂ ಏನೂ ಅನ್ನಲಿಲ್ಲ. ಆಮೇಲೆ ಹಿಂದಿನ ಭಾಗದ ಒಳಮೈ ಮೇಲೆ ಅಂಗೈ ಸವರಿ ಒಬ್ಬರು ಕೇಳಿದರು, "ಇದು ಯಾಕೆ ಇಷ್ಟು ನುಣುಪು?"

ನನ್ನ ಮೂರನೆಯ ತಪ್ಪು ಅದು, ಮಾಡಿದ ಎರಡು ವರ್ಷಕ್ಕೆ ಗೊತ್ತಾಯಿತು. ಅಚ್ಚಿನಲ್ಲಿ ಕೈಯಿಂದ ಪದರ ಹಾಕಿದ ಫೈಬರಿಗೆ ಒಂದೇ ಮುಖ ನುಣುಪು, ಅಚ್ಚಿಗೆ ತಾಗಿದ ಹೊರಮುಖ. ಒಳಮುಖದಲ್ಲಿ ಮ್ಯಾಟಿನ ಎಳೆ, ರೆಸಿನ್ ಇಳಿದ ಗೆರೆ, ಬ್ರಷ್ ಓಡಿದ ದಿಕ್ಕು ಎಲ್ಲ ಹಾಗೇ ಕಲ್ಲಾಗಿ ನಿಲ್ಲುತ್ತವೆ. ಅದು ಕೊರತೆಯಲ್ಲ, ಆ ಕೆಲಸದ ಸಹಜ ರೂಪ. ಅಟ್ಟದಿಂದ ತಂದ ಮೊದಲ ತಿಂಗಳಲ್ಲೇ, ಇಲಿಗಳ ಕೊಳೆ ತೆಗೆಯುವ ನೆವದಲ್ಲಿ, ನಾನೇ ಗ್ರೈಂಡರ್ ಹಿಡಿದು ಅದನ್ನೆಲ್ಲ ಸವೆಸಿ, ಪುಟ್ಟಿ ಹಾಕಿ, ಬಣ್ಣ ಬಳಿಸಿ ಕನ್ನಡಿ ಮಾಡಿದ್ದೆ. ಮಲ್ಪೆಯವರು ಅದನ್ನು ನೋಡಿ, "ಒಳಗೆ ಯಾಕೆ ಕೆರೆದಿರಿ?" ಎಂದು ಕೇಳಿದ್ದರು. ಕೆಲಸಕ್ಕೆ ತೊಡಕಾಗಿದೆಯೆಂದು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ತೀರ್ಪುಗಾರರ ಹಾಳೆಯಲ್ಲಿ 'ಮೂಲಕ್ಕಿಂತ ಹೆಚ್ಚು ಮಾಡಲಾಗಿದೆ' ಎಂಬ ಕಲಮಿನಡಿ ಅಂಕ ಹೋಯಿತು. ಬಹುಮಾನ ಬರಲಿಲ್ಲ. ತಕರಾರಿಗೆ ನನ್ನಲ್ಲಿ ಮಾತೂ ಇರಲಿಲ್ಲ.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಟಾರ್ಚ್ ಕೇಳಿದರು. ಎಡ ಹಿಂಗಾಲಿಯ ಕಮಾನಿಗೂ ಮೈಗೂ ನಡುವೆ ಗ್ರೈಂಡರ್ ತೂರದಷ್ಟು ಇಕ್ಕಟ್ಟಾದ ಒಂದು ಸಂದಿ ಇದೆ. ಅಲ್ಲಿಗೆ ಬೆಳಕು ಬಿಟ್ಟು, ಸೀಟಿನ ಮೇಲೆ ಬೋರಲಾಗಿ ಮಲಗಿ, ಬಹಳ ಹೊತ್ತು ನೋಡಿ ನನ್ನನ್ನೂ ಕರೆದರು. ಜೇನಿನ ಬಣ್ಣದ ರೆಸಿನ್, ಅದರೊಳಗೆ ಬ್ರಷ್ಷಿನಿಂದ ಉದುರಿದ ಎರಡು ಕೂದಲು, ಪಕ್ಕದಲ್ಲಿ ಮ್ಯಾಟನ್ನು ಮೂಲೆಗೆ ಒತ್ತಿದ ಒಂದು ಹೆಬ್ಬೆರಳಿನ ಗುಳಿ. ದೊಡ್ಡಪ್ಪನೂ ನೋಡಬೇಕೆಂದರು. ಎಂಬತ್ತೊಂದರ ಅವರನ್ನು ಮುಂದಿನ ಸೀಟು ಮಡಚಿ, ತಲೆ ಬಗ್ಗಿಸಿ ಹಿಂದಕ್ಕೆ ಹತ್ತಿಸುವಷ್ಟರಲ್ಲಿ ಮೂವರ ಸೊಂಟವೂ ಹಿಡಿಯಿತು. ಅವರು ಕನ್ನಡಕ ಸರಿಮಾಡಿಕೊಂಡು, ಆ ಗುಳಿಯೊಳಗೆ ತಮ್ಮ ಹೆಬ್ಬೆರಳಿಟ್ಟು ನೋಡಿ, "ನನ್ನದಕ್ಕಿಂತ ಸಣ್ಣದು" ಎಂದರು.